ಷಡ್ಡಕನ ಹತ್ತು ನಿಮಿಷ

ಮಾರ್ಚ್ ೧೨, ಗುರುವಾರ

ವಾಷಿಂಗ್ ಮೆಷಿನ್ ಸರಿಯಾಯಿತು. ಅದೇ ನನ್ನ ಸಂಕಟ.

ಮೂರು ದಿನದಿಂದ ನೀರು ಹೊರಗೆ ಹೋಗುತ್ತಿರಲಿಲ್ಲ, ಡ್ರಮ್ ತಿರುಗುತ್ತಿರಲಿಲ್ಲ. ನಾನು ಫಿಲ್ಟರ್ ತೊಳೆದೆ, ಪ್ಲಗ್ ಕಿತ್ತು ಮತ್ತೆ ಹಾಕಿದೆ, ಕೊನೆಗೆ ಮೋಟರ್ ಸುಟ್ಟಿದೆ ಎಂದು ದೊಡ್ಡ ಎಂಜಿನಿಯರನ ಹಾಗೆ ಹೇಳಿಬಿಟ್ಟೆ. ಇವಳು ನನಗೊಂದು ಮಾತೂ ಹೇಳದೆ ತಂಗಿಗೆ ಫೋನ್ ಮಾಡಿದಳು. ಸಂಜೆ ಆ ತಂಗಿಯ ಗಂಡ, ನನ್ನ ಷಡ್ಡಕ ಮಹಾಶಯ, ಬಂದಿಳಿದ.

ಮೆಷಿನ್ನನ್ನು ಮುಂದಕ್ಕೆಳೆದು ಹಿಂದೆ ಬಗ್ಗಿ ನೋಡಿದ. ನಾನೂ ಬಗ್ಗಿದೆ. ನೀರು ಹೋಗುವ ಪೈಪು ಗೋಡೆಗೆ ಒತ್ತಿ ಮಡಚಿಕೊಂಡಿತ್ತು. ಸೋಮವಾರ ಅಲ್ಲಿ ಗುಡಿಸಿ, ಮೆಷಿನ್ನನ್ನು ಗೋಡೆಗೆ ತಳ್ಳಿ ನಿಲ್ಲಿಸಿದವನು ನಾನೇ. ಅವನು ಒಮ್ಮೆ ನನ್ನ ಮುಖ ನೋಡಿ ಪೈಪನ್ನು ನೆಟ್ಟಗೆ ಮಾಡಿದ. ನೀರು ಗಳಗಳ ಹರಿಯಿತು, ಡ್ರಮ್ ಗಿರ್ರನೆ ತಿರುಗಿತು.

"ನೋಡಿದ್ರಾ, ಹತ್ತೇ ನಿಮಿಷ!" ಎಂದಳು ಇವಳು ನನಗೆ. ಅವನಿಗೆ ಕಾಫಿ, ಅದೂ ನನ್ನ ದೊಡ್ಡ ಲೋಟದಲ್ಲಿ! ಹದಿನಾರು ವರ್ಷದಲ್ಲಿ ನನ್ನ ಯಾವ ಕೆಲಸಕ್ಕೂ ಅವಳ ಮುಖ ಹಾಗೆ ಅರಳಿದ್ದು ನೆನಪಿಲ್ಲ.

"ಅಂಥದ್ದೇನಾಗಿತ್ತು ಅದಕ್ಕೆ?" ಎಂದು ಅವನನ್ನು ಕೇಳಿದಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

"ಒಳಗೆ ಏನೋ ಸಿಕ್ಕೊಂಡಿತ್ತು ಅತ್ತಿಗೆ. ಅಣ್ಣ ಫಿಲ್ಟರ್ ತೊಳೆದಿಟ್ಟಿದ್ರಲ್ಲ, ಅದಕ್ಕೇ ನಂಗೆ ಸುಲಭ ಆಯ್ತು" ಎಂದ.

ಒಂದಿಷ್ಟು ಜಂಬ ಕೊಚ್ಚಿಕೊಂಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಮನಸಾರೆ ಬೈದುಕೊಂಡು ಇಷ್ಟು ಹೊತ್ತಿಗೆ ಮಲಗಿರುತ್ತಿದ್ದೆ. ಅದಕ್ಕೂ ಕಲ್ಲು ಹಾಕಿ ಹೋದ.