ನೂರಿಪ್ಪತ್ತು ಎಡತೋಳು

ಮಾರ್ಚ್ 4, ಬುಧವಾರ. ಬೆಳಗಿನ ಜಾವ 2.50

ಮತ್ತೆ ಅಡುಗೆಮನೆ. ಮತ್ತೆ ಇದೇ ಸ್ಟೂಲು. ಹನ್ನೊಂದಕ್ಕೆ ಮಲಗಿದೆ, ಒಂದೂಕಾಲಿಗೆ ಎಚ್ಚರವಾಯಿತು, ಆಮೇಲೆ ರೆಪ್ಪೆಗೆ ರೆಪ್ಪೆ ಅಂಟಲಿಲ್ಲ. ಮೈ ಕಾದಿತ್ತು. ಹೊದಿಕೆ ತೆಗೆದೆ. ಚಳಿ. ಹೊದ್ದೆ. ಸೆಕೆ. ಹೊದಿಕೆಯ ಜೊತೆ ಒಂದು ಗಂಟೆ ಕುಸ್ತಿ ಆಡಿ ಎದ್ದು ಬಂದೆ.

ಇವರು ಮಲಗಿದ್ದಾರೆ. ಮಲಗಿದ್ದಾರೆ ಅನ್ನುವುದು ಸಣ್ಣ ಮಾತು. ದಿಂಬಿಗೆ ತಲೆ ತಾಗುವ ಮೊದಲೇ ಗೊರಕೆ ಶುರು. ಹಗಲೆಲ್ಲ ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ರಾತ್ರಿ ತಾವೇ ನೆಲಮಾಳಿಗೆಗೆ ಇಳಿದುಬಿಡುತ್ತಾರೆ. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ್ದೇನೆ, ಇವರ ಮೇಲೆ ಇಷ್ಟು ಹೊಟ್ಟೆಕಿಚ್ಚು ಯಾವತ್ತೂ ಪಟ್ಟಿರಲಿಲ್ಲ.

ಹಳೆಯ ಅಳತೆ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಮುಂಬದಿಯಲ್ಲಿ ಯಾರ್ಯಾರದೋ ಭುಜ, ಎದೆ, ಸೊಂಟ. ಏಳು ತಿಂಗಳಾಯಿತು ಹೀಗೆ. ಇವರಿಗೆ ಅರ್ಧ ಗೊತ್ತು. ನಾನು ಕೆಲಸ ಮಾಡುವ ಹೊಲಿಗೆ ವರ್ಕ್‌ಶಾಪಿನಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗಲೂಬಾರದು. ಗೊತ್ತಾದರೆ ಕಟಿಂಗ್ ಮಷಿನ್ ನನ್ನ ಕೈ ತಪ್ಪುತ್ತದೆ. ಹದಿನಾರು ವರ್ಷ ಪಳಗಿದ ಕೈ. ಆಮೇಲೆ ಮೂಲೆಯಲ್ಲಿ ಗುಂಡಿ ಹಚ್ಚುತ್ತಾ ಕೂರಬೇಕು.

ಮಾರ್ಚ್ 5, ಗುರುವಾರ. 4.10

ಇವರು ನೀರು ಕುಡಿಯಲು ಎದ್ದು ಬಂದರು.

“ಇನ್ನೂ ಮಲಗಿಲ್ವಾ?”

“ಮಲಗಿ ಎದ್ದಾಯ್ತು.”

“ಕಣ್ಣು ಮುಚ್ಕೊಂಡು ಸುಮ್ನೆ ಬಿದ್ಕೋ. ತಾನಾಗೇ ಬರುತ್ತೆ.”

“ಬಂದ್ರೆ ಕೂತಿರು ಅಂತ ಹೇಳಿ. ನಾನು ಅಡುಗೆಮನೇಲಿದೀನಿ.”

ನಕ್ಕರು. ಹೋಗಿ ಬಿದ್ದುಕೊಂಡರು. ಎರಡು ನಿಮಿಷ, ಗೊರಕೆ.

ಮಾಡದ ಪ್ರಯತ್ನವಿಲ್ಲ. ಬಿಸಿ ಹಾಲು. ಬಿಸಿ ನೀರಿಗೆ ಕಾಲು. ಸಂಜೆ ಟೀ ಬಂದ್. ಫೋನ್ ಬೇರೆ ರೂಮಿನಲ್ಲಿ. ಸಾವಿರದಿಂದ ಹಿಂದೆ ಹಿಂದೆ ಎಣಿಸಿದೆ — ಸೊನ್ನೆ ಮುಟ್ಟಿದೆ, ಎರಡು ಸಲ. ಡಾಕ್ಟರ್ ಹತ್ತಿರವೂ ಹೋಗಿದ್ದೆ. ಈ ವಯಸ್ಸಿಗೆ ಆಗುತ್ತದೆ ಎಂದರು. ಅದು ಗೊತ್ತಿತ್ತು. ಕೆಲಸ ಏನು ಎಂದು ಕೇಳಿದರು. ಹೊಲಿಗೆ ಎಂದೆ. ಕಟಿಂಗ್ ಮಷಿನ್ನಿನ ಬ್ಲೇಡಿನ ಮಾತು ಎತ್ತಲಿಲ್ಲ. ಕೊಟ್ಟ ಮಾತ್ರೆ ಮೂರು ದಿನ ನುಂಗಿದೆ, ಮಧ್ಯಾಹ್ನದವರೆಗೆ ತಲೆಯೊಳಗೆ ಹತ್ತಿ ತುರುಕಿದ ಹಾಗೆ. ಡ್ರಾಯರಿಗೆ ಹಾಕಿದೆ. ಮತ್ತೆ ಹೋಗಿಲ್ಲ.

ಮಾರ್ಚ್ 6, ಶುಕ್ರವಾರ. ಊಟದ ಬಿಡುವು

ಡಬ್ಬಿ ಇನ್ನೂ ತೆರೆದಿಲ್ಲ, ಇದನ್ನು ಮೊದಲು ಬರೆಯಬೇಕು.

ಪ್ಯಾಂಟಿನ ಬಟ್ಟೆ ಕತ್ತರಿಸುತ್ತಿದ್ದೆ, ಎಂಬತ್ತು ಪದರ. ಗೇಣುದ್ದದ ಬ್ಲೇಡು ಮೇಲೆ ಕೆಳಗೆ ಓಡುತ್ತಿರುತ್ತದೆ. ನನ್ನ ಎಡಗೈಗೆ ಉಕ್ಕಿನ ಬಲೆಯ ಗ್ಲೌಸ್ ಇದೆ. ಮೇಜಿನ ಆ ಕಡೆ ಬಟ್ಟೆ ಒತ್ತಿ ಹಿಡಿಯುವ ಗುಬ್ಬಿಗೆ ಇಲ್ಲ. ಗಾತ್ರ ಗುಬ್ಬಿಯಷ್ಟು, ಹಾಗಾಗಿ ಆ ಹೆಸರು. ಆರು ವರ್ಷದಿಂದ ನನ್ನ ಎದುರು ನಿಂತಿದ್ದಾಳೆ. ನಾನು ಕಣ್ಣು ಮಿಟುಕಿಸಿದರೆ ಅವಳ ಕೈ ಸರಿಯುತ್ತದೆ. ಅಷ್ಟು ಹೊಂದಿಕೆ.

ಇವತ್ತು ಮಿಟುಕಿಸಲಿಲ್ಲ, ಮುಚ್ಚಿಯೇಬಿಟ್ಟೆ. ಎರಡು ಕ್ಷಣ ಇರಬೇಕು. ತೆರೆದಾಗ ಬ್ಲೇಡು ಗೆರೆ ಬಿಟ್ಟು ಅವಳ ಬೆರಳಿನ ಹತ್ತಿರ. ಅವಳೇ ಕೈ ಎಳೆದುಕೊಂಡಳು.

“ಅಕ್ಕ, ಹುಷಾರಾಗಿದೀರಾ?”

“ಕಣ್ಣಿಗೆ ನೂಲು ಬಿತ್ತು ಕಣೇ.”

ಹೋಗಿ ಟೀ ತಂದುಕೊಟ್ಟಳು, ಎರಡು ಚಮಚ ಸಕ್ಕರೆ ಹಾಕಿ. ಬೆರಳು ಹೋಗುತ್ತಿದ್ದದ್ದು ಅವಳದು. ಅವಳು ನನ್ನ ಕಣ್ಣಿಗೆ ಊದಲು ಬಂದಳು.

ಮಾರ್ಚ್ 9, ಸೋಮವಾರ. ರಾತ್ರಿ 11.30

ನಿನ್ನೆ ಒಂದೂವರೆ ಗಂಟೆ ನಿದ್ದೆ. ಮೊನ್ನೆ ಎರಡು. ಇವತ್ತು ಆಸ್ಪತ್ರೆಯ ಕೋಟುಗಳ ತೋಳು ಕತ್ತರಿಸಿದೆವು, ಅರವತ್ತು ಕೋಟು. ಕತ್ತರಿಸಿದ್ದು ನೆನಪಿದೆ, ಹೇಗೆ ಎಂಬುದು ಮಬ್ಬು. ಮುಗಿದ ಮೇಲೆ ಬೆರಳು ಎಣಿಸಿಕೊಂಡೆ. ನನ್ನವು ಹತ್ತು, ಗುಬ್ಬಿಯವು ಹತ್ತು. ಅಷ್ಟು ಸಾಕು ಅನ್ನಿಸಿತು.

ಮಾರ್ಚ್ 11, ಬುಧವಾರ. ಸಂಜೆ

ಹೊಲಿಗೆ ವಿಭಾಗದಿಂದ ಒಬ್ಬಳು ಬಂದು ಕೇಳಿದಳು: “ಮಾಸ್ಟರಕ್ಕ, ಬಲತೋಳಿನ ಕಟ್ಟು ಎಲ್ಲಿಟ್ಟಿದೀರಿ?”

ಎಲ್ಲೂ ಇಟ್ಟಿರಲಿಲ್ಲ. ಬಲತೋಳು ಇರಲೇ ಇಲ್ಲ. ನೂರಿಪ್ಪತ್ತು ತೋಳು, ನೂರಿಪ್ಪತ್ತೂ ಎಡಗೈಯವು.

ಬಟ್ಟೆಗೆ ಒಂದು ಮುಖ, ಒಂದು ಬೆನ್ನು. ಪದರಗಳನ್ನು ಮುಖಕ್ಕೆ ಮುಖ ಕೂಡಿಸಿ ಹಾಸಿದರೆ ಒಂದೇ ನಮೂನೆಯಲ್ಲಿ ಎಡವೂ ಬಲವೂ ಸಿಗುತ್ತವೆ. ಎಲ್ಲ ಪದರದ ಮುಖವನ್ನೂ ಮೇಲೆ ಮಾಡಿ ಹಾಸಿದರೆ ಎಲ್ಲ ಒಂದೇ ಕಡೆಯವು. ಮೊದಲ ತಿಂಗಳು ಕಲಿಯುವವರಿಗೆ ಹೇಳಿಕೊಡುವ ಪಾಠ.

ಮೇಡಂ ಬಂದರು. ವರ್ಕ್‌ಶಾಪು ಅವರದು, ಒಂದು ಕಾಲಕ್ಕೆ ಅವರೂ ಕಟಿಂಗ್ ಮಾಡಿದವರೇ. ತೋಳುಗಳನ್ನು ಒಂದೊಂದಾಗಿ ತಮ್ಮ ಎಡಗೈ ಮೇಲೆ ಇಟ್ಟು ನೋಡಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಹಾಸಿದ್ದು ಯಾರು?”

“ನಾನು ಮೇಡಂ,” ಎಂದಳು ಗುಬ್ಬಿ. “ಚೀಟೀಲಿ ಹಾಗೇ ಇತ್ತು ಅನ್ಸುತ್ತೆ.”

ಎಷ್ಟು ಪದರ, ಯಾವ ಮುಖ ಎಂದು ನಾನು ಬರೆದು ಮೇಜಿನ ತುದಿಗೆ ಸಿಕ್ಕಿಸುವ ಚೀಟಿ. ಮೇಜಿನ ತುದಿಯಲ್ಲಿ ಇರಲಿಲ್ಲ. ಎಲ್ಲರೂ ನನ್ನನ್ನು ನೋಡಿದರು.

“ಹಾಗೆ ನಾನ್ಯಾಕೆ ಬರೀತೀನಿ?” ಎಂದೆ.

ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲಿಲ್ಲ. ನಿಜಕ್ಕೂ, ನಾನ್ಯಾಕೆ ಬರೆಯುತ್ತೇನೆ? ಹದಿನಾರು ವರ್ಷದಲ್ಲಿ ಒಂದು ಸಲವೂ ಬರೆದಿಲ್ಲ. ಗುಬ್ಬಿಯ ಮುಖ ಬಿಳುಚಿಕೊಂಡಿತು. “ಹಾಗಾದ್ರೆ ನಾನೇ ಏನೋ ಮಾಡ್ಕೊಂಡಿರ್ಬೇಕು ಮೇಡಂ,” ಎಂದಳು.

ಮಾರ್ಚ್ 12, ಗುರುವಾರ. 3.25

ಏಪ್ರನ್ ತೊಳೆಯಲು ಹಾಕುವಾಗ ಜೇಬಿನಲ್ಲಿ ಸಿಕ್ಕಿತು. ಕೆಲಸ ಮುಗಿದ ಮೇಲೆ ಚೀಟಿ ಕಿತ್ತು ಜೇಬಿಗೆ ತುರುಕುವುದು ನನ್ನ ಅಭ್ಯಾಸ.

“120. ಎಲ್ಲ ಮುಖ ಮೇಲೆ.” ನನ್ನ ಅಕ್ಷರ. ಕೊನೆಯ ಅಕ್ಷರದ ಬಾಲ ಕಾಗದದ ಅಂಚಿನವರೆಗೆ ಎಳೆದಿದೆ. ಬರೆಯುತ್ತಾ ಬರೆಯುತ್ತಾ ತೂಕಡಿಸಿದ್ದೇನೆ. ಬರೆದ ನೆನಪೇ ಇಲ್ಲ.

ಬೆಳಿಗ್ಗೆ ಮೇಡಂಗೆ ಕೊಡಬೇಕು.

ರಾತ್ರಿ

ಕೊಡಲಿಲ್ಲ. ಹೋಗುವಷ್ಟರಲ್ಲಿ ಗುಬ್ಬಿಯನ್ನು ಪ್ಯಾಕಿಂಗಿಗೆ ಕಳಿಸಿ ಆಗಿತ್ತು. ಕಳಿಸಿ ಆಗಿದೆಯಲ್ಲ, ಇನ್ನು ಹೇಳಿ ಏನು ಎಂದು ನನ್ನೊಳಗೇ ಯಾರೋ ಹೇಳಿದರು. ಯಾರೋ ಏನು, ನಾನೇ. ಚೀಟಿ ಈ ಪುಸ್ತಕದೊಳಗೆ ಇದೆ.

ಮಾರ್ಚ್ 15, ಭಾನುವಾರ. 2.05

ಎದ್ದಿದ್ದೇನೆ. ಬರೆಯಲು ಏನೂ ಇಲ್ಲ. ಇದೆ, ಬರೆಯುವುದಿಲ್ಲ.

ಮಾರ್ಚ್ 22, ಭಾನುವಾರ. 3.40

ಇವರಿಗೆ ಹೇಳಿದೆ. ಪೂರ್ತಿ ಅಲ್ಲ, ತೋಳಿನ ಕಥೆ ಮಾತ್ರ, ಯಾರೋ ಇನ್ನೊಬ್ಬ ಮಾಸ್ಟರ್ ಮಾಡಿದ್ದು ಎನ್ನುವ ಹಾಗೆ. ತಮಾಷೆ ಅಂದುಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೇಳಿದರು: “ಹಾಸಿದೋಳ ತಲೆಗೆ ಕಟ್ಟಿದ್ರು ತಾನೆ?”

“ನಿಮಗೆ ಹೇಗೆ ಗೊತ್ತು?”

“ಲಿಫ್ಟ್ ನಿಂತ್ರೆ ಬಟನ್ ಒತ್ತಿದೋನಿಗೇ ಬೈಯೋದು. ಎಲ್ಲಾ ಕಡೆ ಅದೇ ಕಣೇ.”

ಹೇಳಿ ಮಲಗಿಬಿಟ್ಟರು. ಅವರ ಬೆನ್ನು ನೋಡುತ್ತಾ ಕೂತಿದ್ದೆ. ಆ ಬೆನ್ನಿಗೆ ಗುದ್ದಬೇಕು ಅನ್ನಿಸಿತು. ತಪ್ಪು ಬೆನ್ನು.

ಮಾರ್ಚ್ 23, ಸೋಮವಾರ. ಸಂಜೆ 7

ಕೈತೊಳೆಯುವ ನಲ್ಲಿಯ ಹತ್ತಿರ ಗುಬ್ಬಿ ಸಿಕ್ಕಳು. ಹನ್ನೆರಡು ದಿನದಿಂದ ಸರಿಯಾಗಿ ಮುಖ ಕೊಟ್ಟು ನೋಡಿರಲಿಲ್ಲ. ಇವತ್ತು ನೋಡಿದೆ. ಕಣ್ಣಿನ ಕೆಳಗೆ ಕಪ್ಪು. ತುಟಿ ಒಣಗಿದೆ. ನಲ್ಲಿ ತಿರುಗಿಸಿ, ನೀರು ಬರುತ್ತಿದ್ದರೂ ಕೈ ಒಡ್ಡದೆ ನಿಂತಿದ್ದಳು.

ನನಗೆ ಗೊತ್ತಿರುವ ಮುಖ. ದಿನಾ ಬೆಳಿಗ್ಗೆ ನನ್ನ ಕನ್ನಡಿಯಲ್ಲಿ ಇರುತ್ತದೆ.

“ಮಲಗ್ತಾ ಇದೀಯೇನೇ?”

“ಇಲ್ಲಕ್ಕ. ಆವತ್ತಿಂದ ಆಗ್ತಾ ಇಲ್ಲ. ಮಲಗಿದ ತಕ್ಷಣ ಅದೇ ಬರುತ್ತೆ. ಒಂದೊಂದು ಪದರಾನೂ ಹಾಸ್ತೀನಿ. ಎಲ್ಲಿ ತಪ್ಪಿದೆ ಅಂತ ನೋಡ್ತೀನಿ. ಚೀಟಿ ಕಣ್ಣಿಗೆ ಕಟ್ಟಿದ ಹಾಗಿದೆ, ಮುಖ ಮೇಲೆ ಅಂತಾನೇ ಇದೆ. ಆದ್ರೆ ನೀವು ಬರ್ದಿಲ್ಲ ಅಂತೀರಲ್ಲ. ಹಾಗಾದ್ರೆ ಇಲ್ಲದ್ದು ನಂಗೆ ಹೇಗಕ್ಕ ಕಾಣುತ್ತೆ? ತಲೆ ಕೆಟ್ಟಿದೆಯೇನೋ ಅಂತ ಭಯ ಆಗುತ್ತೆ.”

ಬಿಸಿ ಹಾಲು ಕುಡಿ ಎಂದೆ. ಥೂ. ಏಳು ತಿಂಗಳು ನನಗೆ ಬಂದ ಬಿಟ್ಟಿ ಸಲಹೆಗಳಲ್ಲಿ ಅತಿ ಕೆಟ್ಟದ್ದನ್ನು ಆರಿಸಿ ಅವಳಿಗೆ ಕೊಟ್ಟು ಬಂದೆ.

ಮಾರ್ಚ್ 24, ಮಂಗಳವಾರ. 2.30

ಅವಳೂ ಈಗ ಎದ್ದಿರುತ್ತಾಳೆ.

ಇಷ್ಟು ದಿನ ಈ ಹೊತ್ತಿನಲ್ಲಿ ಲೋಕದಲ್ಲಿ ನಾನೊಬ್ಬಳೇ ಎಚ್ಚರ ಅನ್ನಿಸುತ್ತಿತ್ತು, ನನ್ನ ಮೇಲೆ ನನಗೇ ಅಯ್ಯೋ ಪಾಪ ಎನ್ನುವ ಒಂದು ಸುಖವಿತ್ತು. ಅದೂ ಹೋಯಿತು. ಇನ್ನೊಂದು ಮನೆಯಲ್ಲಿ ಒಬ್ಬಳು ಚಾವಣಿ ನೋಡುತ್ತಾ ಮಾಡದ ತಪ್ಪನ್ನು ಹುಡುಕುತ್ತಿದ್ದಾಳೆ. ಮೂರು ಗಂಟೆ ಎಂದರೆ ಎಷ್ಟು ಉದ್ದ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಅದನ್ನು ಅವಳ ಕೈಗೆ ದಾಟಿಸಿದೆ. ನನಗಾದರೆ ವಯಸ್ಸು ಕಾರಣ, ಮೈ ಕಾರಣ. ಅವಳಿಗೆ ನಾನೇ ಕಾರಣ.

ಮಷಿನ್ ಹೋದರೆ ಹೋಗಲಿ. ಹೋಗಲಿ ಎಂದು ಬರೆಯುವುದು ಸುಲಭ. ಚೀಟಿ ಪುಸ್ತಕದಿಂದ ತೆಗೆದು ಚೀಲಕ್ಕೆ ಹಾಕಿದೆ.

ರಾತ್ರಿ 9

ಕೊಟ್ಟೆ. ಮೇಡಂ ಟೇಬಲ್ಲಿನ ಮೇಲೆ ಚೀಟಿ ಇಟ್ಟೆ, ಗುಬ್ಬಿಯನ್ನೂ ಕರೆಸಿ ಎಂದೆ. ಅವಳು ಬಂದು ನಿಂತಳು, ಮತ್ತೇನು ತಪ್ಪಾಯಿತೋ ಎನ್ನುವ ಮುಖದಲ್ಲಿ. ಎಲ್ಲ ಹೇಳಿದೆ. ನಿದ್ದೆ ಇಲ್ಲದ್ದು, ಡಾಕ್ಟರಿಗೆ ಅರ್ಧ ಹೇಳಿದ್ದು, ಬ್ಲೇಡು ಅವಳ ಬೆರಳ ಹತ್ತಿರ ಹೋದದ್ದು, ಕಣ್ಣಿಗೆ ನೂಲು ಬಿದ್ದಿರಲಿಲ್ಲ ಎಂಬುದೂ.

ಮೇಡಂ ಚೀಟಿ ಓದಿ ಕನ್ನಡಕ ತೆಗೆದರು. “ಎಷ್ಟು ದಿನದಿಂದ ಇದು ನಿಮ್ಮ ಹತ್ರ ಇದೆ?”

“ಹನ್ನೆರಡು ದಿನ.”

“ತಪ್ಪು ಆಗುತ್ತೆ ಮಾಸ್ಟರಕ್ಕ. ನಾನೂ ಕಾಲರ್ ಎಲ್ಲಾ ಉಲ್ಟಾ ಕತ್ತರಿಸಿದೋಳೇ. ಆದ್ರೆ ಈ ಹನ್ನೆರಡು ದಿನ?”

ಮಷಿನ್ ಮುಟ್ಟಬೇಡಿ ಎಂದರು. ಡಾಕ್ಟರಿಗೆ ಬ್ಲೇಡಿನ ವಿಷಯ ಹೇಳಿ ಅವರಿಂದ ಸರ್ಟಿಫಿಕೇಟ್ ತರುವವರೆಗೆ ಕಟಿಂಗ್ ತಾವೇ ಮಾಡುತ್ತಾರಂತೆ. ಗುಬ್ಬಿ ಮೊದಲಿನ ಜಾಗಕ್ಕೆ. ನಾನು ಅವಳ ಜೊತೆ ಬಟ್ಟೆ ಹಾಸಬೇಕು.

ಹೊರಗೆ ಬಂದ ಮೇಲೆ ಅವಳ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡಳು.

“ನಿನ್ನೆ ಕೇಳಿದ್ರಲ್ಲಕ್ಕ, ಮಲಗ್ತಾ ಇದೀಯಾ ಅಂತ. ಆಗಲೂ ನಿಮ್ಮ ಹತ್ರಾನೇ ಇತ್ತು.”

“ಇತ್ತು.”

“ಹಾಲು ಕುಡಿ ಅಂದ್ರಿ.”

“ಹೂಂ.”

“ಕುಡ್ದೆ,” ಎಂದಳು. ಹೋದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಗೆ ಬಂದು ಇವರ ಮುಂದೆ ಗೊಳೋ ಎಂದು ಅತ್ತೆ. ಇವರು ಗಾಬರಿಯಾಗಿ ಹತ್ತೂವರೆಯವರೆಗೆ ಎಚ್ಚರವಾಗಿಯೇ ಕೂರುತ್ತೇನೆ ಎಂದಿದ್ದಾರೆ. ಈಗಲೇ ಕುರ್ಚಿಯಲ್ಲಿ ತಲೆ ವಾಲಿದೆ.

ಮಾರ್ಚ್ 27, ಶುಕ್ರವಾರ. 4.00

ಡಾಕ್ಟರಿಗೆ ಈ ಸಲ ಎಲ್ಲ ಹೇಳಿದೆ. ರಕ್ತ ಪರೀಕ್ಷೆ, ಬೇರೆ ಮಾತ್ರೆ. “ಟೈಮ್ ಹಿಡಿಯುತ್ತೆ” ಎಂದರು. ಹಿಡಿಯಲಿ. ಇವತ್ತು ಎರಡೂಮುಕ್ಕಾಲು ಗಂಟೆ ನಿದ್ದೆ. ಎಂದಿನಷ್ಟೇ, ಒಂದು ಚೂರು ಹೆಚ್ಚು.

ಬಟ್ಟೆ ಹಾಸಲು ಇಬ್ಬರಿದ್ದರೆ ಸಲೀಸು. ನಾನು ಈ ಅಂಚು, ಅವಳು ಆ ಅಂಚು. ಎರಡು ದಿನದಿಂದ ಒಂದು ಮಾತಿಲ್ಲ. ಎಳೀರಿ ಎನ್ನಬೇಕಾದಾಗ ಅವಳು ಬಟ್ಟೆಯನ್ನೇ ಒಂದು ಸಲ ಜಗ್ಗುತ್ತಾಳೆ. ನಾನು ಎಳೆಯುತ್ತೇನೆ. ಮುಖಕ್ಕೆ ಮುಖ. ಪ್ರತಿ ಪದರಕ್ಕೂ ಇಬ್ಬರೂ ಎರಡೆರಡು ಸಲ ನೋಡುತ್ತೇವೆ. ಮೇಡಂ ಗ್ಲೌಸ್ ಹಾಕಿಕೊಂಡು ಕಾಯುತ್ತಾರೆ. ಅವರ ಕೈಯಲ್ಲಿ ನನ್ನ ಮಷಿನ್ ಓಡುವ ಸದ್ದು ಕೇಳಿದರೆ ಅತ್ತ ನೋಡದೆ ಬಟ್ಟೆಯ ಅಂಚು ಸರಿಮಾಡುತ್ತಾ ನಿಲ್ಲುತ್ತೇನೆ. ಚೆನ್ನಾಗಿಯೇ ಕತ್ತರಿಸುತ್ತಾರೆ. ಅದಕ್ಕೇ ಇನ್ನಷ್ಟು ಬೇಜಾರು.

ಮಾರ್ಚ್ 31, ಮಂಗಳವಾರ. ಮಧ್ಯಾಹ್ನ 1.20

ಕಟಿಂಗ್ ರೂಮು. ಪುಸ್ತಕ ಚೀಲದಲ್ಲೇ ಇತ್ತು, ತೆಗೆದೆ. ಸದ್ದಾಗದ ಹಾಗೆ ಬರೆಯುತ್ತಿದ್ದೇನೆ.

ಊಟ ಮುಗಿಸಿ ಬಂದರೆ ಗುಬ್ಬಿ ಚೂರುಬಟ್ಟೆಯ ರಾಶಿಯ ಮೇಲೆ ಒರಗಿದ್ದಳು. ಡಬ್ಬಿಯ ಮುಚ್ಚಳ ಕೈಯಲ್ಲೇ ಇತ್ತು. ಮಲಗಿಬಿಟ್ಟಿದ್ದಾಳೆ. ಬಾಯಿ ಸ್ವಲ್ಪ ತೆರೆದಿದೆ. ಸಣ್ಣಗೆ ಗೊರಕೆ — ಇವರದರ ಮುಂದೆ ಅದೊಂದು ಗೊರಕೆಯೇ ಅಲ್ಲ. ನಿಜವಾದ ನಿದ್ದೆ. ಕದ್ದು ತೂಕಡಿಸುವುದಲ್ಲ, ಆಳಕ್ಕೆ ಇಳಿದದ್ದು. ನನಗೆ ಗುರುತು ಸಿಗುತ್ತದೆ, ಏಳು ತಿಂಗಳಿಂದ ಪಕ್ಕದಲ್ಲೇ ಕೂತು ನೋಡಿದ್ದೇನೆ.

ಹೊಟ್ಟೆಕಿಚ್ಚು ಬರಲಿಲ್ಲ. ಹುಡುಕಿದೆ, ಇರಲಿಲ್ಲ.

ಟ್ಯೂಬ್‌ಲೈಟ್ ಆರಿಸಿದೆ. ಫ್ಯಾನ್ ಹಾಗೇ ಬಿಟ್ಟೆ, ನಿಂತರೆ ಎಚ್ಚರವಾಗುತ್ತದೆ. ಹೊಲಿಗೆ ವಿಭಾಗದವಳು ಕತ್ತರಿ ಕೇಳಲು ಬಂದಳು, ಬಾಗಿಲಲ್ಲೇ ತಡೆದು ಕೊಟ್ಟು ಕಳಿಸಿದೆ. ಬಾಗಿಲಿಗೆ ಸ್ಟೂಲು ಹಾಕಿಕೊಂಡು ಕೂತಿದ್ದೇನೆ.

ಎದ್ದ ಮೇಲೂ ಮಾತಾಡಲಿಕ್ಕಿಲ್ಲ. ಬೇಡ.

ಬಿಡುವು ಮುಗಿಯುವ ಬೆಲ್‌ಗೆ ಇನ್ನು ನಾಲ್ಕು ನಿಮಿಷ. ಎಬ್ಬಿಸಬೇಕು. ಎಬ್ಬಿಸುವುದಿಲ್ಲ. ಬೆಲ್ ಆದ ಮೇಲೆ ಮೇಡಂ ಬಂದರೆ ಹೇಳುತ್ತೇನೆ, ಇನ್ನೊಂದು ಹತ್ತು ನಿಮಿಷ ಮೇಡಂ, ಅವಳ ಪಾಲಿನ ಬಟ್ಟೆ ನಾನೇ, ಎರಡೂ ಅಂಚು ನಾನೇ ಓಡಾಡಿ —

ಚಪ್ಪಲಿ ಸದ್ದು. ಮೇಡಂದೇ. ಎದ್ದು ಹೋಗಿ ಹೊರಗೇ ತಡೆಯುತ್ತೇನೆ.