ಪಡಸಾಲೆಯ ಹಗೇವು

೧೫ ಫೆಬ್ರವರಿ ೧೯೮೮, ಬೆಳಿಗ್ಗೆ

ಇವತ್ತೂ ರೊಟ್ಟಿಯಲ್ಲಿ ಮಣ್ಣು. ಮಾಳಿಗೆ ಉದುರುವುದು ನಿಂತಿಲ್ಲ. ಹಿಟ್ಟು ಮುಚ್ಚಿಟ್ಟೆ, ನೀರು ಮುಚ್ಚಿಟ್ಟೆ. ನಾದುವಾಗ ಏನು ಮುಚ್ಚಲಿ, ನನ್ನ ತಲೆ? ಇವರು ಒಂದು ತುತ್ತು ಕಡಿದರು, ಕರಕ್ ಅಂತು, ಸುಮ್ಮನೆ ನುಂಗಿ ಮಿಲ್ಲಿಗೆ ಹೋದರು. ಸ್ವಂತ ಮನೆ ಬೇಕು ಎಂದು ಪ್ರಾಣ ತಿಂದವಳು ನಾನು. ಈಗ ಎಲ್ಲರೂ ಮಣ್ಣು ತಿನ್ನುವುದು.

ಈ ಡೈರಿ ರೈಸ್ ಮಿಲ್ಲಿನ ಸಾವ್ಕಾರರು ಇವರಿಗೆ ಕೊಟ್ಟದ್ದು. ಮೊದಲ ಪುಟದಲ್ಲಿ ‘ಪಂಪಣ್ಣ, ಫಿಟ್ಟರ್, ಸಿಂಧನೂರು’ ಎಂದು ಬರೆದು ಇವರ ಬರವಣಿಗೆ ಮುಗಿಯಿತು. ಉಳಿದ ಪುಟ ನನಗೆ.

೨೧ ಫೆಬ್ರವರಿ

ಮೈದುನ ಬಂದ. ಯಂಕೋಬ. ಮಸ್ಕಿಯ ಹತ್ತಿರದ ನಮ್ಮ ಊರಿನಲ್ಲಿ ಅತ್ತೆಯ ಜೊತೆ ಇರುವವನು. ಹೊಲದ ಕೆಲಸ ಮುಗಿದಿದೆ, ಮನೆ ರಿಪೇರಿಗೆ ಒಂದಾಳಿನ ಕೂಲಿ ಉಳಿಯಲಿ ಎಂದು ಅತ್ತೆಯೇ ಕಳಿಸಿದ್ದಾರೆ. ಬಸ್ಸಿಳಿದು ಬಂದವನೇ ಮನೆಯನ್ನು ಒಂದು ಸುತ್ತು ಹಾಕಿ, ‘ಯಕ್ಕ, ಇದು ಮನಿ ಅಲ್ಲ, ಬಿದ್ದಿಲ್ಲ ಅಂತ ನಿಂತೈತಿ ಅಷ್ಟ’ ಎಂದ. ಹೊಟ್ಟೆ ಉರಿಯಿತು. ನಗುವೂ ಬಂತು. ಅತ್ತಿಗೆ ಅನ್ನುವುದಿಲ್ಲ ಇವನು, ಮದುವೆಯಾದ ದಿನದಿಂದ ಯಕ್ಕ ಎಂದೇ.

ಜಂತಿ ನೋಡಿದರು ಅಣ್ಣತಮ್ಮ. ಅರ್ಧ ಗೆದ್ದಲು. ತೊಲೆ ಗಟ್ಟಿ ಇದೆಯಂತೆ. ಅದೊಂದು ಸಮಾಧಾನ.

೬ ಮಾರ್ಚ್, ಭಾನುವಾರ

ಗೌಂಡಿ ತಾಯಪ್ಪ ಪಡಸಾಲೆ ಅಗೆಯಲು ಶುರು ಮಾಡಿದ. ಶಹಾಬಾದಿ ಪರಸಿಕಲ್ಲು ಹಾಸಬೇಕೆಂದು ನನ್ನ ಆಸೆ. ನಡುವೆ ಒಂದು ಕಡೆ ಹಾರೆ ಇಟ್ಟ, ಹಾರೆ ಕೈ ತಪ್ಪಿ ಒಳಗೇ ಹೋಯಿತು. ಬಿದ್ದ ಸದ್ದು ತಡವಾಗಿ ಕೇಳಿಸಿತು.

ಮಣ್ಣು ಸರಿಸಿದರೆ ಅಂಚು ಒಡೆದ ಕಲ್ಲಿನ ಮುಚ್ಚಳ. ಹಗೇವು! ನಾವು ತಿಂಗಳಿಂದ ಹಾಸಿಗೆ ಹಾಕಿ ಮಲಗಿದ್ದ ಜಾಗದ ಕೆಳಗೆ.

ಪಕ್ಕದ ಮನೆಯ ರಾಜಾಬೀ ಬಂದು ನೋಡಿದರು. ಕಾಲುವೆ ಬರುವ ಮುಂಚೆ ಈ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಇತ್ತಂತೆ, ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತಿಡುತ್ತಿದ್ದರಂತೆ. ಕಾಲುವೆ ಬಂತು, ನೆಲ ಒಸರತೊಡಗಿತು, ಕಾಳು ಕೊಳೆಯಿತು, ಎಲ್ಲರೂ ಮುಚ್ಚಿಬಿಟ್ಟರು. ಮನೆ ಮಾರಿದ ಖಾಸಿಂಬೀಗೂ ಗೊತ್ತಿರಲಿಕ್ಕಿಲ್ಲ ಎಂದರು. ಗೊತ್ತಿದ್ದರೂ ಯಾರು ಹೇಳುತ್ತಾರೆ.

ಮುಚ್ಚಳ ಎತ್ತಿದಾಗ ಬಂದ ವಾಸನೆ... ಮಧ್ಯಾಹ್ನ ಯಾರೂ ಉಣ್ಣಲಿಲ್ಲ.

೮ ಮಾರ್ಚ್

ತಾಯಪ್ಪ ಹೇಳಿದ್ದು: ತಳದಲ್ಲಿ ಹಳೇ ಜೋಳ ಕೊಳೆತು ಕೂತಿದೆ, ಅದರ ಮೇಲೆ ಗರಸು ಮಣ್ಣು ತುಂಬಿದರೆ ನಾಳೆ ಕುಸಿಯುತ್ತದೆ. ಪೂರಾ ಬಳಿದು ತೆಗೆಯಬೇಕು. ತಾನು ಇಳಿಯುವುದಿಲ್ಲ, ಆಳು ನೋಡಿಕೊಳ್ಳಿ. ಅಷ್ಟು ಹೇಳಿ ಬೇರೆ ಕಡೆ ಕೆಲಸಕ್ಕೆ ಹೋದ.

ನನಗೆ ಉಗಾದಿಯೊಳಗೆ ಪಡಸಾಲೆ ಆಗಬೇಕು. ಮುದಗಲ್ಲಿನಿಂದ ನನ್ನ ತವರಿನವರು ಬರುತ್ತಾರೆ. ಅವರ ಮುಂದೆ ಗುಂಡಿಯ ಸುತ್ತ ಎಲೆ ಹಾಕಲೇ?

೧೨ ಮಾರ್ಚ್, ಸಂಜೆ

ಯಂಕೋಬ ಊರಿಗೆ ಹೋಗಿ ಅವ್ವನ ಬಳಿ ಕೇಳಿಕೊಂಡು ಬಂದಿದ್ದಾನೆ. ಹಗೇವಿನ ಬಾಯಿ ತೆರೆದಿಡಬೇಕಂತೆ, ಆಮೇಲೆ ದೀಪ ಬಿಟ್ಟು ನೋಡಬೇಕಂತೆ, ದೀಪ ಆರಿದರೆ ಇಳಿಯಬಾರದಂತೆ. ಅತ್ತೆ ಹೇಳಿದ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ಹೇಳಿ ತೋರಿಸಿದ. ನಕ್ಕು ಸಾಕಾಯಿತು.

ಆಳು ಯಾಕೆ, ನಾನೇ ಇಳಿಯುತ್ತೇನೆ ಎನ್ನುತ್ತಾನೆ. ನಾಳೆ ಭಾನುವಾರ, ಇವರಿಗೂ ರಜೆ. ಬೆಳಿಗ್ಗೆ ಶುರು ಮಾಡಿದರೆ ಮಧ್ಯಾಹ್ನಕ್ಕೆ ಮುಗಿದೀತು. ಬ್ಯಾಟರಿಗೆ ಹೊಸ ಸೆಲ್ಲು ತಂದೆ. ಇಷ್ಟು ದಿನದಲ್ಲಿ ಇವತ್ತು ಮನೆ ಮನೆಯ ಹಾಗೆ ಕಂಡಿತು.

೧೦ ಏಪ್ರಿಲ್

ಖಾಲಿ ಪುಟ ಎಷ್ಟೊಂದು. ತಿರುವಿ ಹಾಕಿದೆ.

ದಿನಕರ್ಮ ಎಲ್ಲ ಆದವು. ಯಂಕೋಬನನ್ನು ಊರಲ್ಲಿ, ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ನನ್ನನ್ನು ಹತ್ತಿರ ಬಿಡಲಿಲ್ಲ.

೧೧ ಏಪ್ರಿಲ್, ಮಧ್ಯಾಹ್ನ

ಬರೆದುಬಿಡುತ್ತೇನೆ. ಬರೆದರೆ ತಲೆಯಲ್ಲಿ ತಿರುಗುವುದು ನಿಂತೀತು.

ಅವ್ವ ಹೇಳಿದ್ದನ್ನು ಅವನು ಮರೆತಿರಲಿಲ್ಲ. ಬ್ಯಾಟರಿಗೆ ಹುರಿ ಕಟ್ಟಿ ಒಳಗೆ ಬಿಟ್ಟ. ತಳದ ಕಾಳಿನ ಮೇಲೆ ಬಿದ್ದು ಚೆನ್ನಾಗಿ ಬೆಳಗಿತು. ‘ಆರಲಿಲ್ಲ ನೋಡ್ ಯಕ್ಕ. ಅವ್ವ ಸುಮ್ನ ಅಂಜತಾಳ’ ಎಂದ. ನಾನೂ ಇಣುಕಿದೆ. ಇವರೂ ಇಣುಕಿದರು. ಬ್ಯಾಟರಿ ಹೇಗೆ ಆರುತ್ತದೆ? ಅದಕ್ಕೇನು ಗಾಳಿ ಬೇಕೇ? ಗೂಟಕ್ಕೆ ಕಂದೀಲು ತೂಗುತ್ತಿತ್ತು, ಒಲೆಯ ಹತ್ತಿರ ಚಿಮಣಿ ಇತ್ತು. ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹಳೆಯವರು ದೀಪ ಬಿಡುವುದು ಒಳಗೇನಿದೆ ಎಂದು ಕಾಣಲಿಕ್ಕೆ ಎಂದೇ ತಿಳಿದಿದ್ದೆವು.

ಹಗ್ಗ ಹಿಡಿದು ಇಳಿದ. ಬುಟ್ಟಿ ಬಿಡಿ ಎಂದ. ಬಿಟ್ಟೆವು. ಬುಟ್ಟಿ ತುಂಬಲಿಲ್ಲ, ಹಗ್ಗ ಅಲ್ಲಾಡಲಿಲ್ಲ. ಕರೆದರೆ ಉತ್ತರವಿಲ್ಲ. ಬ್ಯಾಟರಿ ಬೆಳಗುತ್ತಲೇ ಇತ್ತು. ಅದರ ಪಕ್ಕ ಅವನು ಬೋರಲು ಬಿದ್ದಿದ್ದ.

ಇವರು ಹಗೇವಿನ ಬಾಯಿಗೆ ಕೂತು ಕಾಲು ಇಳಿಬಿಟ್ಟರು. ನಾನು ಹಿಂದಿನಿಂದ ನಡುವಿಗೆ ತೆಕ್ಕೆ ಬಿದ್ದೆ. ಬಿಡು ಎಂದರು. ಬಿಡಲಿಲ್ಲ. ನನಗೇನು ವಿಷಗಾಳಿ ಗೊತ್ತಿತ್ತೇ, ಸುಡುಗಾಡು ಗೊತ್ತಿತ್ತೇ. ಇವರು ಹೋಗಬಾರದು, ಅಷ್ಟೇ. ರಾಜಾಬೀ ಬಾಗಿಲಲ್ಲಿ ನಿಂತು ನೋಡಿ ಕೂಗಿಕೊಂಡರು, ಓಣಿಯೆಲ್ಲ ಬಂತು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದು ಅವನ ಬಟ್ಟೆಗೆ ಸಿಕ್ಕಿಸಿ ಎಳೆದರು. ಕೊಡ ತೆಗೆದ ಹಾಗೆ. ಮೂರು ಸಲ ಜಾರಿದ.

ದವಾಖಾನೆಯಲ್ಲಿ ಡಾಕ್ಟರು ಹೇಳಿದರು, ಉರಿಯುವ ದೀಪ ಬಿಟ್ಟಿದ್ದರೆ ಅರ್ಧಕ್ಕೇ ಆರುತ್ತಿತ್ತು ಎಂದು. ಇನ್ನೊಬ್ಬ ಇಳಿದಿದ್ದರೆ ಎರಡು ಹೆಣ ಎಂದರು. ಓಣಿಯವರಲ್ಲಿ ಒಬ್ಬ ಮಾತ್ರ, ಆ ಕ್ಷಣಕ್ಕೇ ನಡುವಿಗೆ ಹಗ್ಗ ಕಟ್ಟಿಕೊಂಡು ಇಳಿದಿದ್ದರೆ ಹುಡುಗ ಉಳಿಯುತ್ತಿದ್ದನೇನೋ ಎಂದ. ಅತ್ತೆಯ ಕಿವಿಗೆ ಹೋದದ್ದು ಆ ಮಾತು.

೨೩ ಏಪ್ರಿಲ್

ಅತ್ತೆಯನ್ನು ಇವರು ಇಲ್ಲಿಗೇ ಕರೆದುಕೊಂಡು ಬಂದರು. ಆದಮ್ಮ ಎಂದರೆ ಊರಲ್ಲಿ ಗಂಡಸರೂ ದಾರಿ ಬಿಡುತ್ತಿದ್ದರು. ಈಗ ಮುಷ್ಟಿಯಷ್ಟಾಗಿದ್ದಾರೆ. ಪಡಸಾಲೆ ತುಳಿಯುವುದಿಲ್ಲ. ಹೊರಗಿನ ಕಟ್ಟೆಯ ಮೇಲೇ ಹಾಸಿಗೆ.

ನೀರು ಕೊಟ್ಟೆ. ತಂಬಿಗೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಕೆಳಗಿಟ್ಟೆ. ಅದನ್ನೂ ಮುಟ್ಟಲಿಲ್ಲ. ಆಮೇಲೆ ರಾಜಾಬೀ ಮನೆಯಿಂದ ಕೇಳಿ ಕುಡಿದರು. ಹೋದ ವರ್ಷದ ತನಕ ಅವರ ಮನೆಯ ನೀರು ಮುಟ್ಟುತ್ತಿರಲಿಲ್ಲ.

೨೭ ಏಪ್ರಿಲ್

ಇವತ್ತು ಮಾತಾಡಿದರು. ಇವರು ಎದುರಿಗೇ ಕೂತು ಉಣ್ಣುತ್ತಿದ್ದರು.

‘ನಿಮ್ಮಣ್ಣ ಒಳಗ ಬಿದ್ದಿದ್ರ ಹಿಂಗ ಹಿಡೀತಿದ್ದೇನ ನನ ಮಗನ್ನ?’

ಇವರು ಗಂಗಾಳದಿಂದ ತಲೆ ಎತ್ತಲಿಲ್ಲ.

ನಾನು ಬಚ್ಚಲಿಗೆ ಹೋಗಿ ಯೋಚಿಸಿದೆ. ಖರೆ ಹೇಳಬೇಕೆಂದರೆ, ಹಿಡಿಯುತ್ತಿರಲಿಲ್ಲ. ನನ್ನ ಅಣ್ಣ ಒಳಗಿದ್ದಿದ್ದರೆ ಇಳಿಯಿರಿ ಎಂದು ನಾನೇ ಕೈ ಜೋಡಿಸುತ್ತಿದ್ದೆ. ಅತ್ತೆ ಕೇಳಿದ್ದು ತಪ್ಪಲ್ಲ.

೮ ಮೇ

ಮನೆ ಮಾರೋಣ ಎಂದೆ. ಸಾವಾದ ಮನೆ ಯಾರು ತೆಗೆದುಕೊಳ್ಳುತ್ತಾರೆ ಎಂದರು. ಅಷ್ಟೇ ಮಾತು, ಈ ವಾರಕ್ಕೆ.

ತಾಯಪ್ಪ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಾನೆ. ಒಂದು ಬಂಡಿ ಗರಸು ತರಿಸಿ ಇವರೇ ತುಂಬತೊಡಗಿದ್ದಾರೆ. ಕಾಳು ತೆಗೆಯುವ ಮಾತಿಲ್ಲ. ಕುಸಿದರೆ ಕುಸಿಯಲಿ. ಮಿಲ್ಲಿನಿಂದ ಬಂದು, ಕೈಕಾಲೂ ತೊಳೆಯದೆ ಬುಟ್ಟಿ ಹೊರುತ್ತಾರೆ. ನಾನು ಇನ್ನೊಂದು ಬುಟ್ಟಿ ಹೊರುತ್ತೇನೆ. ಇಬ್ಬರೂ ಎದುರು ಬದುರಾದಾಗ ಒಬ್ಬರು ಪಕ್ಕಕ್ಕೆ ಸರಿದು ದಾರಿ ಬಿಡುತ್ತೇವೆ. ಸಂಸಾರ ಸದ್ಯಕ್ಕೆ ಇಷ್ಟು.

೨೨ ಮೇ

ಅತ್ತೆ ಓಣಿಯ ಹೆಂಗಸರ ಮುಂದೆಲ್ಲ ಅದೇ ಹೇಳುತ್ತಾರೆ. ನನ್ನ ದೊಡ್ಡ ಮಗ ಇಳಿಯುತ್ತಿದ್ದ, ಇವಳು ಬಿಡಲಿಲ್ಲ. ನಳದ ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಬ್ಯಾಟರಿ ಬಿಟ್ಟದ್ದು ಅತ್ತೆಗೆ ಇನ್ನೂ ಗೊತ್ತಿಲ್ಲ. ದೀಪ ಬಿಟ್ಟಿದ್ದಿರಾ ಎಂದು ಕೇಳಿದಾಗ ಇವರು ಬಿಟ್ಟಿದ್ದೆವು ಎಂದರು. ಆ ಸುಳ್ಳಿಗೆ ನಾನೂ ಬಾಯಿ ಮುಚ್ಚಿದೆ. ಮಗ ತನ್ನ ಮಾತು ಮೀರಲಿಲ್ಲ ಎಂಬ ಸಮಾಧಾನವಾದರೂ ಅವರಿಗೆ ಇರಲಿ.

೫ ಜೂನ್, ಭಾನುವಾರ, ಸಂಜೆ

ಮಳೆ ಬರುವ ಮೊದಲು ಮಾಳಿಗೆಗೆ ಸವಳು ಮಣ್ಣು ಹಾಕಬೇಕಿತ್ತು. ಹತ್ತಿದೆವು, ಇಬ್ಬರೇ. ನಾನು ಹರವಿದೆ, ಇವರು ಬಡಿದರು. ಮೇಲಿಂದ ಕಟ್ಟೆ ಕಾಣುತ್ತದೆ. ಅತ್ತೆ ಗೋಡೆಗೆ ಆತು ಕೂತಿದ್ದರು.

ತಡೆಯಲಾಗಲಿಲ್ಲ. ನಾನು ಹಿಡಿದದ್ದು ತಪ್ಪೋ ಸರಿಯೋ, ಬಾಯಿ ಬಿಟ್ಟು ಹೇಳಿ ಎಂದೆ. ಬೈಯುವುದಿದ್ದರೆ ಬೈಯಿರಿ, ನಿಮ್ಮ ಅವ್ವನ ಹಾಗೆ ನೀವೂ.

ಬಡಿಯುವುದನ್ನು ನಿಲ್ಲಿಸಿದರು.

‘ನಿನ್ನ ಕೈ ಬಿಡಿಸ್ಕೊಳ್ಳೋದು ನನಗ ದೊಡ್ಡದಿತ್ತೇನ? ಮಿಲ್ಲಿನ್ಯಾಗ ಕಬ್ಬಿಣ ಎತ್ತಾಂವ ನಾ. ಕಾಲು ಇಳಿಬಿಟ್ಟೆ, ಒಳಗ ನೋಡಿದೆ, ಅಂಜಿಕಿ ಬಂತು. ಅಷ್ಟರಾಗ ನೀ ಹಿಡಿದಿ. ಹಿಡಿದ್ಲಲ್ಲ ಅಂತ... ನಿಂತೆ.’

ನಾನು ಮಣ್ಣಿನ ಬುಟ್ಟಿ ಹಿಡಿದುಕೊಂಡೇ ಇದ್ದೆ.

‘ಅವ್ವಗ ಹೇಳಬ್ಯಾಡ’ ಎಂದರು.

ಕೆಳಗಿಳಿದು ಬಂದೆ. ಅತ್ತು ಮುಗಿಸಿ ಬರೆಯುತ್ತಿದ್ದೇನೆ. ಹೆದರಿದ್ದಕ್ಕೆ ಸಿಟ್ಟಿಲ್ಲ, ಹೆದರಿದ್ದರಿಂದಲೇ ಬದುಕಿದ್ದಾರೆ. ನನಗೆ ಬೇಕಾಗಿದ್ದೂ ಅದೇ. ಆದರೆ ಈ ಮೂರು ತಿಂಗಳು! ಎದುರಿಗೇ ಕೂತು ಉಂಡರಲ್ಲ. ನನ್ನ ಕೈ ಬಿಡಿಸಿಕೊಳ್ಳಬಹುದಿತ್ತು ಎಂದು ಗೊತ್ತಿದ್ದೂ ಉಂಡರಲ್ಲ.

೬ ಜೂನ್

ಮಾತಿಲ್ಲ.

೧೨ ಜೂನ್, ಭಾನುವಾರ, ಸಂಜೆ

ಹಗೇವು ಬಾಯಿ ತನಕ ತುಂಬಿತು. ಇವರು ಬೆಳಗಿನಿಂದ ದಮ್ಮಸು ಹಾಕುತ್ತಿದ್ದರು, ಧಪ್ ಧಪ್ ಎಂದು ಮನೆಯೆಲ್ಲ. ನಾಳೆ ಪರಸಿ ಬರುತ್ತದೆ.

ಅತ್ತೆಗೆ ಜ್ವರ. ಮಳೆ ಹನಿಯಿತೆಂದು ಬಾಗಿಲೊಳಗೆ ಬಂದು ಕೂತಿದ್ದರು. ಗಂಜಿ ಒಯ್ದೆ. ಇಟ್ಟು ಹೋಗುವವಳಿದ್ದೆ, ಸೆರಗು ಹಿಡಿದು ನಿಲ್ಲಿಸಿದರು. ಸಾವಾದ ಮೇಲೆ ಮೊದಲ ಸಲ ನನ್ನ ಮುಖ ನೋಡಿದರು.

‘ಒಂದ್ ಮಾತು ಖರೆ ಹೇಳು. ನೀ ಹಿಡಕೊಂಡಾಗ ಪಂಪ ಕೊಸರ್ಯಾಡಿದ್ನೇನ?’

ಎಷ್ಟು ದಿನದಿಂದ ಒಳಗಿಟ್ಟುಕೊಂಡು ಕೂತಿದ್ದರೋ. ಇಲ್ಲ ಅಂದರೆ ನನ್ನ ಕೈಯ ಗಂಜಿ ಕುಡಿಯುತ್ತಿದ್ದರು. ಇಲ್ಲ ಅಂದರೆ ಉಳಿದ ಒಬ್ಬ ಮಗನೂ ಅವರಿಗೆ ಇಲ್ಲ.

‘ಭಾಳ ಕೊಸರ್ಯಾಡಿದ್ರು ಅತ್ತಿ. ಕೈ ಕಚ್ಚಿದ್ರು. ನಾನ ಬಿಡಲಿಲ್ಲ.’

ಜೋರಾಗಿಯೇ ಹೇಳಿದೆ. ಪಡಸಾಲೆಗೆ ಕೇಳಲಿ ಎಂದೇ ಹೇಳಿದೆ. ಪುಣ್ಯ ಕಟ್ಟಿಕೊಳ್ಳಲು ಅಲ್ಲ. ಇವರು ಎದ್ದು ಬರಲಿ, ಇಲ್ಲ ಅವ್ವ ಎನ್ನಲಿ, ಒಂದೇ ಒಂದು ಮಾತು.

ದಮ್ಮಸಿನ ಸದ್ದು ನಿಂತಿತು.

ಅತ್ತೆ ಗಂಜಿಯ ಬಟ್ಟಲನ್ನು ನನ್ನ ಕಡೆಗೆ ಸರಿಸಿ ಗೋಡೆಗೆ ಮುಖ ಮಾಡಿ ಮಲಗಿದರು. ನಾನು ನಿಂತೇ ಇದ್ದೆ. ಪಡಸಾಲೆಯ ಬಾಗಿಲನ್ನೇ ನೋಡುತ್ತ ನಿಂತೇ ಇದ್ದೆ.

ಮತ್ತೆ ಶುರುವಾಯಿತು, ಧಪ್, ಧಪ್.

ಇನ್ನೂ ಹಾಕುತ್ತಿದ್ದಾರೆ. ನೆಲ ಗಟ್ಟಿಯಾಗಿ ಎಷ್ಟು ಹೊತ್ತಾಯಿತು. ಇನ್ನು ನಾನು ಈ ಮನೆಯಲ್ಲಿ ಯಾರ ಮುಖ ನೋಡಿಕೊಂಡು ಇರಲಿ?