ಗಿಡ್ಡ ಸ್ಕ್ರೂಗಳ ಸಂಸಾರ

ಗುರುವಾರ, ಸಂಜೆ

ಮನೆಯ ಮುಖ್ಯ ಇಂಜಿನಿಯರ್ ಸಾಹೇಬರಿಗೆ,

ನಾನು ಚೆನ್ನಾಗಿದ್ದೇನೆ. ಮನೆಯೂ ಚೆನ್ನಾಗಿದೆ. ಎರಡನೆಯ ಸುದ್ದಿ ನಿಮಗೆ ಸಂತೋಷ ತರಲಾರದು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಕುಳಿತುಕೊಂಡು ಓದಿ.

ನಿನ್ನೆ ಮಗಳು ಹಾಸ್ಟೆಲಿನಿಂದ ಫೋನ್ ಮಾಡಿ ನಿಮ್ಮ ಸಂದೇಶ ಒಪ್ಪಿಸಿದಳು. "ನಿಮ್ಮಮ್ಮನ ಕೈಲಿ ಆ ಮನೆ ಸಂಭಾಳಿಸೋಕಾಗಲ್ಲ. ಭಾನುವಾರ ರಿಪೇರಿಗೆ ಹೋಗ್ತೀನಲ್ಲ, ಹಾಗೇ ಬಟ್ಟೆಬರೆ ತಗೊಂಡುಹೋಗಿ ಅಲ್ಲೇ ಇದ್ದುಬಿಡ್ತೀನಿ" ಅಂದಿರಂತೆ. ಆಹಾ! ಎರಡು ವರ್ಷದ ಹಿಂದೆ ನಿಮ್ಮ ಚಪ್ಪಲಿ ಅಂಗಡಿಯ ಕ್ಯಾಷಿಯರಮ್ಮನ ಮನೆಗೆ ಹೊರಟುಹೋದವರು, ಈಗ ಸ್ಪ್ಯಾನರಿನ ಜೊತೆ ಸೂಟ್‌ಕೇಸನ್ನೂ ಹಿಡಿದು ಬರುವವರಿದ್ದೀರಿ. ಹೋಗುವಾಗ ಬಾಗಿಲಲ್ಲಿ ನಿಂತು ನೀವು ಹೇಳಿದ್ದೂ ಇಂಥದೇ ಮಾತು: "ಏನಾದ್ರೂ ಕೆಟ್ರೆ ಫೋನ್ ಮಾಡು." ಕೆಟ್ಟದ್ದರಲ್ಲಿ ಏನೇನನ್ನು ಹೇಳಬೇಕು, ಏನನ್ನು ಬಿಡಬೇಕು ಎಂದು ನನಗೆ ತಿಳಿಯಲಿಲ್ಲ. ಹಾಗಾಗಿ ನಲ್ಲಿ, ಬಾಗಿಲು, ಫ್ಯಾನುಗಳ ವಿಚಾರ ಮಾತ್ರ ಹೇಳುತ್ತಾ ಬಂದೆ. ನೀವೂ ತಿಂಗಳ ಮೊದಲ ಭಾನುವಾರ ತಪ್ಪದೆ ಬಂದಿರಿ.

ನೀವು ವಾಪಸು ಬರಬಹುದೋ ಬಾರದೋ ಎಂಬುದಕ್ಕೆ ಉತ್ತರ ಈ ಪತ್ರದಲ್ಲಿದೆ. ಆದರೆ ನೇರ ಕೊನೆಗೆ ಹಾರಬೇಡಿ. ಮಿಕ್ಸಿ ತಂದ ದಿನವೇ ಅದರ ಜೊತೆಗಿದ್ದ ಸೂಚನೆಯ ಹಾಳೆಯನ್ನು ಬಿಸಾಡಿ, "ಇದನ್ನೆಲ್ಲ ಓದಿ ನಡೆಸೋಕೆ ನಾನೇನು ಹೆಂಗಸೇ?" ಎಂದವರು ನೀವು. ಆ ಮಿಕ್ಸಿ ಆಮೇಲೆ ಹೊಗೆ ಉಗುಳಿದ ಕಥೆ ಬೇಡ ಬಿಡಿ.

ನಿಮ್ಮ ಇಂಜಿನಿಯರ್ ಬಿರುದು ಯಾವ ಕಾಲೇಜು ಕೊಟ್ಟದ್ದೂ ಅಲ್ಲ. ನೀವೇ ಕೊಟ್ಟುಕೊಂಡಿರಿ, ನಾನು ಬಾಯಿ ಮುಚ್ಚಿಕೊಂಡು ಅನುಮೋದಿಸಿದೆ. ನಿಮ್ಮ ಇಲಾಖೆಯಲ್ಲಿ ನನಗಿದ್ದದ್ದು ಒಂದೇ ಹುದ್ದೆ, ಟಾರ್ಚ್ ಹಿಡಿಯುವುದು. ಅದರಲ್ಲೂ ನಾನು ಬಡ್ತಿ ಕಾಣಲಿಲ್ಲ. "ಇಲ್ಲಿ ಹಿಡಿ ಅಂದ್ರೆ ಅಲ್ಲಿ ಹಿಡೀತೀಯಲ್ಲ, ಕಣ್ಣೇನು ಹಿಂದಿದ್ಯಾ?" ಎಂಬುದು ನನ್ನ ಕಾಯಂ ಸಂಬಳ. ಮದುವೆಯಾದ ಹೊಸತರಲ್ಲಿ ಒಮ್ಮೆ ನೀವಿಲ್ಲದಾಗ ಕ್ಯಾಲೆಂಡರ್ ನೇತುಹಾಕಲು ನಾನೇ ಒಂದು ಮೊಳೆ ಹೊಡೆದೆ. ಮೊಳೆ ಸೊಟ್ಟಗಾಯಿತು, ತಟ್ಟೆಯಗಲ ಗಾರೆ ಉದುರಿತು. ಅದನ್ನು ಮುಚ್ಚಲು ನೀವು ಒಪ್ಪಲೇ ಇಲ್ಲ. ಬಂದ ನೆಂಟರನ್ನೆಲ್ಲ ಹಾಲ್‌ಗೆ ಕರೆದುಕೊಂಡು ಬಂದು, "ಬನ್ನಿ ಬನ್ನಿ, ನಮ್ಮಾಕೆ ಕೈಚಳಕ ನೋಡಿ" ಎಂದು ಆ ಗುಂಡಿ ತೋರಿಸುತ್ತಿದ್ದಿರಿ. ಅವರು ನಗುತ್ತಿದ್ದರು. ನಾನೂ ಕಾಫಿ ತಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಮಗಳು ಹುಟ್ಟಿ, ನಡೆದು, ಶಾಲೆಗೆ ಸೇರಿ, ಹಾಸ್ಟೆಲಿಗೆ ಹೋಗುವವರೆಗೂ ಆ ಗುಂಡಿ ಗೋಡೆಯ ಮೇಲೆ ಹಾಗೇ ಇತ್ತು. ಆಮೇಲೆ ನಾನು ಸುತ್ತಿಗೆ ಮುಟ್ಟಲಿಲ್ಲ. ಬಲ್ಬ್ ಹೋದರೂ ನೀವು ಬರುವವರೆಗೆ ಕತ್ತಲಲ್ಲೇ ತರಕಾರಿ ಹೆಚ್ಚುತ್ತಿದ್ದೆ.

ಮಗಳು ಹಾಸ್ಟೆಲಿಗೆ ಹೊರಡುವ ಮುಂಚೆ ನನ್ನನ್ನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ನಡೆಯುವ ಮರದ ಆಟಿಕೆಯ ತರಗತಿಗೆ ಎಳೆದುಕೊಂಡುಹೋಗಿ ಸೇರಿಸಿದಳು. "ಅಪ್ಪನ ಭಾನುವಾರ ಕಾಯೋದು ಬಿಟ್ಟು ನಿನ್ನದೂ ಅಂತ ಒಂದು ಶನಿವಾರ ಇಟ್ಕೋಮ್ಮ" ಅಂದಳು. ಮೊದಲ ದಿನ ಅಲ್ಲಿ ಕಲಿಸುವ ಮೇಡಂ ಕೈಗೆ ಗರಗಸ ಕೊಟ್ಟಾಗ ನನ್ನ ಬಾಯಿಂದ ಬಂದ ಮಾತು, "ನನಗೆ ಬರತ್ತಾ?" ಆಕೆ ಕನ್ನಡಕ ಸರಿಮಾಡಿಕೊಂಡು, "ಗರಗಸಕ್ಕೆ ಬರತ್ತೆ, ನೀವು ಹಿಡ್ಕೊಂಡ್ರೆ ಸಾಕು" ಅಂದರು.

ನನ್ನ ಪ್ರಥಮ ಕೃತಿ ಒಂದು ಬಾತುಕೋಳಿ. ನಾಲ್ಕು ಗಾಲಿಯ ಮೇಲೆ ಅದು ಗಂಭೀರವಾಗಿ ಕುಂಟುತ್ತಿತ್ತು. ಎಡಗಡೆಯ ತೂತು ದೊಡ್ಡದಾಗಿ ಗಾಲಿಯ ಕಡ್ಡಿ ಲೊಡಲೊಡ ಅನ್ನುತ್ತಿತ್ತು. ಇಡೀ ತರಗತಿಗೆ ತೋರಿಸಿ ನಗುತ್ತಾರೆಂದು ನಾನು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡೆ. ಮೇಡಂ ಅದನ್ನು ಕಿತ್ತುಕೊಂಡು ನೋಡಿ, ತೂತಿಗೆ ಅಂಟು ಹಚ್ಚಿದ ಚಕ್ಕೆ ತುರುಕಿಸಿ, ಒಣಗಿದ ಮೇಲೆ ಸಣ್ಣಗೆ ಕೊರೆಸಿದರು. ಬಾತುಕೋಳಿ ನೆಟ್ಟಗೆ ಓಡಿತು. ಯಾರೂ ನಗಲಿಲ್ಲ. ತಪ್ಪಾದರೆ ಹೋಗುವುದು ಒಂದು ಚೂರು ಮರ ಮಾತ್ರ, ಮಾನವಲ್ಲ ಎಂಬುದು ನನಗೆ ಹೊಸ ವಿಷಯ. ಮನೆಗೆ ಬಂದು ಸ್ನಾನದಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಬಾಗಿಲು ಪೂರ್ತಿ ಮುಚ್ಚಲಿಲ್ಲ, ಅದು ಬೇರೆ ವಿಷಯ.

ಅಲ್ಲಿಂದ ಶುರುವಾಯಿತು ನನ್ನ ಅಧಿಕಪ್ರಸಂಗ. ಬಾತುಕೋಳಿಯ ಕಾಲು ಸರಿಮಾಡಿದವಳಿಗೆ ಅಡುಗೆಮನೆಯ ಸ್ಟೂಲಿನ ಕಾಲು ಯಾವ ಲೆಕ್ಕ? ಅಂಟು ಹಾಕಿ ಹಗ್ಗ ಬಿಗಿದೆ, ನಿಂತಿತು. ಆಟದ ರೈಲಿನ ಡಬ್ಬಿಗಳಿಗೆ ಕೊಕ್ಕೆ ಕೂರಿಸಿದ ವಾರ ಬೀರುವಿನ ಚಿಲಕ ಕೂತಿತು. ಉಪ್ಪು ಕಾಗದ ತಿಕ್ಕಿ ತಿಕ್ಕಿ ಅಂಗೈ ಗಟ್ಟಿಯಾಯಿತು. ಕಣ್ಣಾಸ್ಪತ್ರೆಯಲ್ಲಿ ನಾನು ಚೀಟಿ ಬರೆಯುವ ಕಿಟಕಿಯ ಗಾಜು ಅಲುಗಾಡುತ್ತಿತ್ತಲ್ಲ, ಅದಕ್ಕೂ ಪಟ್ಟಿ ಹೊಡೆದೆ. ಡಾಕ್ಟರು ನೋಡಿ, "ಯಾರನ್ನ ಕರೆಸಿದ್ರಿ?" ಅಂದರು. "ನನ್ನನ್ನೇ ಕರೆಸಿದೆ" ಅಂದೆ. ಹಾಲ್‌ನ ಗುಂಡಿಯನ್ನೂ ಮುಚ್ಚಿ ಬಣ್ಣ ಬಳಿದೆ. ನೀವು ಕಳೆದ ಸಲ ಬಂದಾಗ ಗಮನಿಸಲಿಲ್ಲ. ನೆಂಟರಿಲ್ಲದಾಗ ನೀವು ಆ ಗೋಡೆ ನೋಡುವುದೇ ಇಲ್ಲ.

ಇನ್ನು ಸ್ನಾನದಮನೆಯ ಬಾಗಿಲು. ನೀವು ತಿಂಗಳು ತಿಂಗಳು ಸರಿಮಾಡುವ, ತಿಂಗಳು ತಿಂಗಳು ಜೋತುಬೀಳುವ ಆ ಮಹಾನುಭಾವ. ಒಂದು ದಿನ ಧೈರ್ಯ ಮಾಡಿ ಮೇಲಿನ ಕೀಲು ಬಿಚ್ಚಿದೆ. ಒಳಗಿದ್ದದ್ದು ಕಿರುಬೆರಳಿನ ಉಗುರಿನಷ್ಟು ಗಿಡ್ಡ ಸ್ಕ್ರೂಗಳು. ನನ್ನ ಬಾತುಕೋಳಿಗೂ ಅದಕ್ಕಿಂತ ಉದ್ದದವು ಬೇಕಾಗಿದ್ದವು. ತೂತಿಗೆ ತುರುಕಿದ್ದು ಹಳೆಯ ಪೇಪರ್. ನಲ್ಲಿ ಬಿಚ್ಚಿದರೆ ಅಲ್ಲಿ ವಾಷರಿನ ಜಾಗದಲ್ಲಿ ಚಪ್ಪಲಿಯ ಅಟ್ಟೆಯಿಂದ ಕತ್ತರಿಸಿದ ರಬ್ಬರಿನ ಬಿಲ್ಲೆ. ಆದರೆ ನೀವು ಇಲ್ಲೇ ಬಿಟ್ಟುಹೋಗುವ ಸಲಕರಣೆಯ ಪೆಟ್ಟಿಗೆಯಲ್ಲಿ ಉದ್ದದ ಸ್ಕ್ರೂಗಳ ಪೊಟ್ಟಣ, ಒಡೆಯದೆ, ಹಾಗೇ ಇತ್ತು. ಒಳ್ಳೆಯ ವಾಷರುಗಳೂ ಇದ್ದವು.

ಉದ್ದದ್ದು ಇದ್ದೂ ಗಿಡ್ಡದ್ದು ಹಾಕುವವನು ಬೇಕೆಂದೇ ಹಾಕಿರಬೇಕಲ್ಲವೇ? ನಾನು ಸ್ನಾನದಮನೆಯ ನೆಲದ ಮೇಲೆ ಕುಳಿತು ಲೆಕ್ಕ ಹಾಕಿದೆ. ಗಿಡ್ಡ ಸ್ಕ್ರೂ ಹಾಕಿದರೆ ಬಾಗಿಲು ಜೋತುಬೀಳುತ್ತದೆ. ಜೋತುಬಿದ್ದರೆ ಇವಳು ಫೋನ್ ಮಾಡುತ್ತಾಳೆ. ಫೋನ್ ಮಾಡಿದರೆ ಬರಲು ಒಂದು ನೆಪ ಸಿಗುತ್ತದೆ. ಬೇರೆಯವರು ಹೂವು ಕೊಟ್ಟು ಹೇಳುವುದನ್ನು ನಮ್ಮ ಯಜಮಾನರು ಅಟ್ಟೆಯ ಚೂರು ಇಟ್ಟು ಹೇಳುತ್ತಿದ್ದಾರೆ ಎಂದುಕೊಂಡೆ. ನಗಬೇಡಿ. ಆ ದಿನ ನಾನು ಹಾಡು ಗುನುಗುತ್ತಾ ಅದೇ ಗಿಡ್ಡ ಸ್ಕ್ರೂಗಳನ್ನು ಅದೇ ತೂತುಗಳಿಗೆ ವಾಪಸು ತಿರುಗಿಸಿದೆ. ಸರಿಮಾಡಲು ಕೈಗೆ ಬರುತ್ತಿತ್ತು. ಮನಸ್ಸಿಗೆ ಬರಲಿಲ್ಲ. ನೀವು ಬಂದಾಗ ಟಾರ್ಚನ್ನು ಬೇಕೆಂದೇ ಸ್ವಲ್ಪ ಅತ್ತ ಹಿಡಿದೆ. ನೀವು ಬೈದಿರಿ. ಬೈಗುಳವೂ ಹಿತವಾಗಿತ್ತು.

ಹಾಗಾಗಿ ನಿನ್ನೆ ಮಗಳ ಫೋನ್ ಬಂದಾಗ ನಾನು ಗೆದ್ದೆ ಅಂದುಕೊಂಡೆ. ಬೀರುವಿನ ನಿಮ್ಮ ಭಾಗವನ್ನು ಒರೆಸಿದೆ. ಇವತ್ತು ಬೆಳಿಗ್ಗೆ ರಜೆ ಹಾಕಿ ನಿಮ್ಮ ಈಗಿನ ಮನೆಗೆ ಹೋದೆ. ಮಗಳ ಚಳಿಗಾಲದ ಕೋಟು ನಿಮ್ಮಲ್ಲಿ ಉಳಿದಿತ್ತಲ್ಲ, ಅದನ್ನು ತರಲು. ಈ ಸೆಕೆಯಲ್ಲಿ ಕೋಟು ಏಕೆ ಎಂದು ಕೇಳುತ್ತೀರಿ. ಕೇಳಬೇಡಿ. ನೀವು ಅಂಗಡಿಗೆ ಹೋಗಿರುವ, ಆಕೆಗೆ ವಾರದ ರಜೆಯಿರುವ ದಿನವನ್ನೇ ಏಕೆ ಆರಿಸಿದೆ ಎಂದೂ ಕೇಳಬೇಡಿ. ಸೋತವಳ ಮುಖ ಹೇಗಿರುತ್ತದೆ ನೋಡೋಣ ಎಂದಿತ್ತು, ಅಷ್ಟೇ.

ಆಕೆ ಬಾಗಿಲು ತೆಗೆದಳು. ಬಾಗಿಲು ನೆಲಕ್ಕೆ ಕೆರೆಯಿತು. ನಾನು ಒಳಬಂದ ಮೇಲೆ ಹಿಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿ, ಸೊಂಟದಿಂದ ಒಂದು ಪೆಟ್ಟು ಕೊಟ್ಟು ಮುಚ್ಚಿದಳು. ನನ್ನದೇ ಪೆಟ್ಟು! ನಾನು ಇಷ್ಟು ವರ್ಷ ಸ್ನಾನದಮನೆಯ ಬಾಗಿಲಿಗೆ ಕೊಟ್ಟ ಪೆಟ್ಟು ಆಕೆಯ ಸೊಂಟಕ್ಕೆ ಹೇಗೆ ಬಂತು? ಅಡುಗೆಮನೆಯ ನಲ್ಲಿಯ ಕೆಳಗೆ ಪಾತ್ರೆ ಇಟ್ಟಿತ್ತು, ಟಪ್ ಟಪ್ ಎನ್ನುತ್ತಿತ್ತು. "ಭಾನುವಾರ ನೋಡ್ತೀನಿ ಅಂದಿದ್ದಾರೆ" ಅಂದಳು. ನನಗೆ ಕೊಟ್ಟ ಭಾನುವಾರವನ್ನೇ ಆಕೆಗೂ ಕೊಟ್ಟಿದ್ದೀರಿ. ಆಮೇಲೆ ಪಾಪ, ಮಾತಿಗೆ ಏನೂ ತೋಚದೆ, "ಅವರಿಲ್ಲದಿದ್ರೆ ಈ ಮನೆ ನಡೆಯೋದೇ ಇಲ್ಲಕ್ಕ. ನನಗೆ ಟಾರ್ಚ್ ಹಿಡಿಯೋಕೂ ಬರಲ್ಲವಂತೆ" ಎಂದು ನಕ್ಕಳು.

ನಾನು ಅವರ ಹಾಲ್‌ನ ಗೋಡೆ ನೋಡುತ್ತಿದ್ದೆ. ಕಿಟಕಿಯ ಪಕ್ಕ ಗಾರೆ ಉದುರಿದ ಒಂದು ಗುಂಡಿ. ನಡುವೆ ಸೊಟ್ಟ ಮೊಳೆ. ನಾನು ನೋಡುವುದನ್ನು ಕಂಡು ಆಕೆ ತಲೆ ತಗ್ಗಿಸಿ, "ಅದು ನಾನು ಹೊಡೆದದ್ದು. ಮುಚ್ಚಿಸ್ತೀನಿ ಅಂದ್ರೆ ಬೇಡ ಅಂತಾರೆ. ಬಂದವರಿಗೆಲ್ಲ ತೋರಿಸ್ತಾರೆ" ಅಂದಳು.

ಸಾಹೇಬರೇ, ನನ್ನ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ಹಗಲಿರುಳೂ ನೀವಿರುವ ಮನೆಗೆ ಬರಲು ನಿಮಗೆ ಯಾವ ನೆಪ ಬೇಕು? ಅಲ್ಲೂ ಗಿಡ್ಡ ಸ್ಕ್ರೂ, ಅಲ್ಲೂ ಅಟ್ಟೆಯ ಚೂರು. ಉದ್ದದ ಸ್ಕ್ರೂ ಹಾಕಬೇಕಾದರೆ ಮೊದಲು ಕೊರೆಯಬೇಕು, ಕೊರೆಯಲು ತಾಳ್ಮೆ ಬೇಕು. ಗಿಡ್ಡದ್ದಾದರೆ ಬೇಗ ಮುಗಿದು ಕಾಫಿ ಬರುತ್ತದೆ. ಇಷ್ಟೇ ಗುಟ್ಟು. ನೀವು ಬೇಕೆಂದೇ ಗಿಡ್ಡ ಸ್ಕ್ರೂ ಹಾಕಿ ಮೋಸ ಮಾಡಿದ್ದರೂ, ನನ್ನನ್ನು ನೆನೆಸಿಕೊಂಡು ಮಾಡಿದಿರಿ ಎಂದುಕೊಳ್ಳುತ್ತಿದ್ದೆ. ನಿಮಗೆ ಕೆಲಸ ಬರುವುದಿಲ್ಲ, ಅಷ್ಟೇ. ಬೇಕಾಗಿರುವುದು ಪಕ್ಕದಲ್ಲಿ ಟಾರ್ಚ್ ಹಿಡಿದು ಬೈಸಿಕೊಳ್ಳುವ ಒಬ್ಬಳು. ಅವಳು ನಾನಾದರೂ ಸರಿ, ಆಕೆಯಾದರೂ ಸರಿ. ಇಷ್ಟು ದಿನ ನಾನು ಪ್ರೀತಿ ಎಂದು ಓದಿಕೊಂಡದ್ದು ಬರಿಯ ಬೇಜವಾಬ್ದಾರಿ.

ನನ್ನ ಚೀಲದಲ್ಲಿ ಈಗ ಯಾವಾಗಲೂ ನಾಲ್ಕಾರು ಸ್ಕ್ರೂ ಇರುತ್ತವೆ. ಉದ್ದದವನ್ನು ಆರಿಸಿ ಆಕೆಯ ಕೈಗೆ ಹಾಕಿದೆ. ತೂತಿಗೆ ಅಂಟು ಹಚ್ಚಿ ಬೆಂಕಿಕಡ್ಡಿ ತುರುಕಿ, ಒಣಗಿದ ಮೇಲೆ ಸಣ್ಣಗೆ ಕೊರೆದು ಕೂರಿಸು ಅಂದೆ. ಆಕೆ ಅಂಗೈ ನೋಡಿಕೊಂಡು, "ನನಗೆ ಬರತ್ತಾ ಅಕ್ಕ?" ಅಂದಳು. ಆ ದನಿ ನನ್ನದೇ. ಆಕೆಯನ್ನು ದ್ವೇಷಿಸಲೆಂದು ಬಸ್ಸಿನುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. "ಮೊದಲು ಒಂದು ಬಾತುಕೋಳಿ ಮಾಡು" ಎಂದು ಹೇಳಿ, ಗ್ರಂಥಾಲಯದ ದಾರಿ ತಿಳಿಸಿ ಬಂದೆ. ಕೋಟು ತರುವುದು ಮರೆತೆ.

ಮನೆಗೆ ಬಂದವಳು ಸೀರೆ ಕೂಡ ಬದಲಿಸದೆ ಸ್ನಾನದಮನೆಯ ಬಾಗಿಲಿಗೆ ಉದ್ದದ ಸ್ಕ್ರೂ ಹಾಕಿದೆ. ನಲ್ಲಿಗೆ ನಿಜವಾದ ವಾಷರ್ ಹಾಕಿದೆ. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದೆ, ಬೆಳಕು ಎಲ್ಲಿ ಬೇಕೋ ಅಲ್ಲೇ ಬಿತ್ತು. ಮನೆ ಈಗ ಎಷ್ಟು ಸದ್ದಿಲ್ಲದೆ ಇದೆಯೆಂದರೆ, ಪಕ್ಕದ ಮನೆಯಾಕೆ ಬಂದು ಬಾಗಿಲು ದಬದಬ ಬಡಿದಾಗ ಬೆಚ್ಚಿಬಿದ್ದೆ. ನಮ್ಮ ಕರೆಗಂಟೆ ಯಾರು ಒತ್ತಿದರೂ ಮಾತಾಡುವುದಿಲ್ಲವಲ್ಲ, ಎಲ್ಲರೂ ಬಡಿಯುವವರೇ.

ಆದ್ದರಿಂದ ಭಾನುವಾರ ಬರಬೇಡಿ. ಸ್ಪ್ಯಾನರ್ ಹಿಡಿದೂ ಬೇಡ, ಸೂಟ್‌ಕೇಸ್ ಹಿಡಿದೂ ಬೇಡ. ಬೀರುವಿನ ನಿಮ್ಮ ಭಾಗದಲ್ಲಿ ನನ್ನ ಗರಗಸ, ಉಳಿ, ಅಂಟಿನ ಡಬ್ಬಿಗಳು ಕೂತಾಯಿತು. ನಿಮ್ಮ ಪೆಟ್ಟಿಗೆಯನ್ನು ಮಗಳು ಬಂದಾಗ ಕೊಟ್ಟು ಕಳಿಸುತ್ತೇನೆ. ಒಡೆಯದ ಆ ಪೊಟ್ಟಣ ಮಾತ್ರ ನನ್ನಲ್ಲೇ ಇರಲಿ, ನಿಮಗೆ ಅದರ ಅಗತ್ಯ ಬಿದ್ದದ್ದಿಲ್ಲ.

ಇಂತಿ,
ಬಲ್ಬ್ ಹಾಕಲೂ ಬಾರದ ನಿಮ್ಮಾಕೆ

ತಾ.ಕ.: ಕರೆಗಂಟೆಯ ವಿಷಯ. ಅದರ ಬಟನ್ನನ್ನು ಹೆಬ್ಬೆರಳಿನಿಂದ ಎಡಕ್ಕೆ ಒತ್ತಿ ಸ್ವಲ್ಪ ಮೇಲಕ್ಕೆ ನೂಕಿದರೆ ಮಾತ್ರ ಅದು ಕೂಗುತ್ತದೆ. ಕೂರಿಸಿದವರು ನೀವಾದ್ದರಿಂದ ಆ ಒತ್ತು ನಿಮಗೊಬ್ಬರಿಗೇ ಗೊತ್ತು. ಹಾಗಾಗಿ ಗಂಟೆ ಕೂಗಿತೆಂದರೆ ಬಂದವರು ನೀವೇ, ಇಣುಕಿ ನೋಡಬೇಕಾಗಿರಲಿಲ್ಲ. ಮನೆಯಲ್ಲಿ ಒಂದೊಂದನ್ನೇ ಸರಿಮಾಡುತ್ತಾ ಬಂದವಳು ಅದನ್ನೊಂದು ಮುಟ್ಟಿರಲಿಲ್ಲ. ಎಷ್ಟೋ ಸಲ ಸ್ಕ್ರೂಡ್ರೈವರ್ ಹಿಡಿದು ಅದರ ಮುಂದೆ ನಿಂತು ಒಳಗೆ ಬಂದಿದ್ದೇನೆ. ಈ ಪತ್ರ ಮಡಿಸುವ ಮುಂಚೆ ಹೋಗಿ ಬಿಚ್ಚಿದೆ. ಒಳಗೆ ಒಂದು ತಂತಿ ಸಡಿಲವಾಗಿತ್ತು, ಅಷ್ಟೇ. ಈಗ ಯಾರು ಒತ್ತಿದರೂ ಕೂಗುತ್ತದೆ.